ಬೇಳೆ ಬೇಗ ಬೇಯುವ ನೀರು ಕುಡಿಯಲು ಒಳ್ಳೆಯದೇ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಆರು ಮಂದಿ. ಹಳೆಯ ಸೇದೋ ಬಾವಿ 45 ಅಡಿ ಇದೆ, ಬೇಸಿಗೆಗೆ ಬತ್ತುತ್ತದೆ. ಆ ನೀರು ಗಡಸು, ತೊಗರಿಬೇಳೆ ಎಷ್ಟು ಹೊತ್ತು ಇಟ್ಟರೂ ಬೇಯುತ್ತಿರಲಿಲ್ಲ. ಎಂಟು ವರ್ಷದ ಹಿಂದೆ 430 ಅಡಿ ಬೋರ್ ಕೊರೆಸಿದೆವು. ನೀರು ತಿಳಿಯಾಗಿದೆ, ಸಾಬೂನು ಚೆನ್ನಾಗಿ ನೊರೆ ಬರುತ್ತದೆ. 'ಬ್ಯಾಳಿ ಲಗೂನ ಕುದಿತದ' ಅಂತ ಅವ್ವನಿಗೂ ಖುಷಿ. ಆದರೆ 9 ವರ್ಷದ ಮಗಳ ಮುಂದಿನ ಹಲ್ಲುಗಳ ಮೇಲೆ ಹಳದಿ-ಕಂದು ಗೆರೆಗಳು ಬಂದಿವೆ. ಮಗನಿಗೆ ಎರಡು ವರ್ಷ. ಅವ್ವನಿಗೆ ಮೊಣಕಾಲು, ಸೊಂಟ ಹಿಡಿದಿವೆ. ಆರ್‌ಓ ಮಷೀನ್ ಮಾರುವವರು ಬಂದು ಎರಡು ಲೋಟದ ನೀರಿಗೆ ಕರೆಂಟ್ ಕೊಟ್ಟು ತೋರಿಸಿದರು. ನಮ್ಮ ಬೋರಿನ ನೀರು ಕಂದು ರಾಡಿಯಾಯಿತು, ಅವರ ನೀರು ಹಾಗೇ ಉಳಿಯಿತು. ಟಿಡಿಎಸ್ 640 ಎಂದರು, ಮಷೀನಿಗೆ 16 ಸಾವಿರ ಕೇಳುತ್ತಿದ್ದಾರೆ. ಕಾಯಿಸಿ ಕುಡಿದರೆ ಸಾಕು ಎನ್ನುವವರೂ ಇದ್ದಾರೆ. ಊರಿನ ಶುದ್ಧ ನೀರಿನ ಘಟಕ ತಿಂಗಳಲ್ಲಿ ಅರ್ಧದಷ್ಟು ದಿನಗಳು ಬಂದ್ ಇರುತ್ತದೆ. ಇನ್ನೂ ಆಳಕ್ಕೆ ಕೊರೆಸಿದರೆ ಒಳ್ಳೆಯ ನೀರು ಸಿಗುತ್ತದೆಯೇ? ಎಮ್ಮೆಗಳೂ ಇದೇ ನೀರು ಕುಡಿಯುತ್ತವೆ.

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಳಿವು ಕೊಟ್ಟವರು ನಿಮ್ಮ ಅವ್ವ. ಬೇಳೆ ಬೇಗ ಬೇಯುತ್ತದೆ ಎಂದರೆ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಹಳೆಯ ಬಾವಿಯ ನೀರಿನಲ್ಲಿ ಆಗುತ್ತಿದ್ದುದು ಇದೇ. ಆದರೆ ಅದೇ ಕ್ಯಾಲ್ಸಿಯಂ, ಹೆಚ್ಚಾದರೆ ಹಲ್ಲು-ಎಲುಬು ಕೆಡಿಸುವ ಫ್ಲೋರೈಡನ್ನೂ ಹಿಡಿದು ಕೆಳಗೆ ಕೂರಿಸುತ್ತದೆ, ನೀರಿನಲ್ಲಿ ಹೆಚ್ಚು ಕರಗಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಆ ತಡೆ ಇಲ್ಲ. ಹೀಗಾಗಿ ಗ್ರಾನೈಟ್ ಕಲ್ಲಿನ ನಾಡಿನಲ್ಲಿ ನೊರೆ ಚೆನ್ನಾಗಿ ಬರುವ, ಬೇಳೆ ಬೇಯಿಸುವ, ನಾಲಿಗೆಗೆ ಸವಿ ಎನಿಸುವ ಆಳದ ಬೋರಿನ ನೀರನ್ನೇ ಮೊದಲು ಅನುಮಾನಿಸಬೇಕು. ನಿಮ್ಮ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಇದರಿಂದಲೇ ತೀರ್ಮಾನಿಸಲಾಗದು. ಆದರೆ ಪರೀಕ್ಷೆ ಮಾಡಿಸದೆ ಇನ್ನೊಂದು ಕೊಡ ಕುಡಿಯಬಾರದು ಎನ್ನಲು ಇಷ್ಟು ಸಾಕು.

ಮೊದಲು ಆ ಕರೆಂಟಿನ ಆಟ ನೋಡೋಣ. ಲೋಟಕ್ಕೆ ಇಳಿಸುವ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ನೀವು ಕಂಡ ಕಂದು ರಾಡಿ ಆ ಕಡ್ಡಿಯದೇ ಹೊರತು ನಿಮ್ಮ ಬೋರಿನದಲ್ಲ. ಆರ್‌ಓ ನೀರಿನಲ್ಲಿ ಲವಣ ಇಲ್ಲದ್ದರಿಂದ ಕರೆಂಟ್ ಹರಿಯಲಿಲ್ಲ, ಅದಕ್ಕೇ ತಿಳಿಯಾಗಿ ಉಳಿಯಿತು. ಮುಂದಿನ ಸಲ ಅವರು ಬಂದಾಗ ಅವರ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಸ್ವಿಚ್ ಒತ್ತಲು ಹೇಳಿ, ಅದೂ ಕಂದಾಗುತ್ತದೆ. ಟಿಡಿಎಸ್ ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ಅದಕ್ಕೆ ಫ್ಲೋರೈಡ್ ಕಾಣುವುದಿಲ್ಲ. ಅದು ತೋರಿಸುವುದು ಲೀಟರಿಗೆ 640 ಮಿಲಿಗ್ರಾಂ ಒಟ್ಟು ಲವಣ. ಅದರಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದ್ದರೂ ನಾಲ್ಕು ಮಿಲಿಗ್ರಾಂ ಇದ್ದರೂ ಮೀಟರಿನ ಅಂಕಿ ಹೆಚ್ಚುಕಡಿಮೆ ಅದೇ. ಭಾರತೀಯ ಮಾನಕದಲ್ಲಿ ಟಿಡಿಎಸ್ 500ರ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೆ ಸಹ್ಯ. 640 ಹೆದರುವ ಅಂಕಿಯೇನಲ್ಲ.

ಕಾಯಿಸುವ ಸಲಹೆ ಇದಕ್ಕಿಂತ ಅಪಾಯದ್ದು. ಕುದಿಸಿದರೆ ವಾಂತಿಭೇದಿ ತರುವ ಕ್ರಿಮಿ ಸಾಯುತ್ತದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಆವಿಯಾಗಿ ಹೋಗುವುದಿಲ್ಲ, ನೀರು ಹೋಗುತ್ತದೆ, ಅವು ಉಳಿಯುತ್ತವೆ. ಕುದಿಸಿದಷ್ಟೂ ಸಾಂದ್ರತೆ ಏರುತ್ತದೆ. ತಾಮ್ರದ ಕೊಡಕ್ಕೂ ಇದೇ ಮಾತು: ಕ್ರಿಮಿಯ ಮೇಲೆ ಸ್ವಲ್ಪ ಕೆಲಸ ಮಾಡುತ್ತದೆ, ಫ್ಲೋರೈಡ್ ಮೇಲೆ ಏನೂ ಇಲ್ಲ. ಯುವಿ ದೀಪ ಮಾತ್ರ ಇರುವ ಫಿಲ್ಟರ್, ಕ್ಯಾಂಡಲ್ ಫಿಲ್ಟರ್, ಬಟ್ಟೆ ಸೋಸುವುದು ಇವೂ ಅಷ್ಟೆ.

ಇನ್ನು ಆಳದ ಮಾತು. ಆಳಕ್ಕೆ ಹೋದಷ್ಟೂ ಶುದ್ಧ ಎಂಬ ನಂಬಿಕೆ ಕ್ರಿಮಿಗಳ ಮಟ್ಟಿಗೆ ನಿಜ, ಖನಿಜಗಳ ಮಟ್ಟಿಗೆ ತಿರುಗುಮುರುಗು. ನಮ್ಮ ಮೂರೂ ಜಿಲ್ಲೆಗಳ ನೆಲ ಒಂದೇ ಅಲ್ಲ. ಬೀದರಿನಲ್ಲಿ ಜಂಬಿಟ್ಟಿಗೆ, ಅದರ ಕೆಳಗೆ ಕಪ್ಪು ಬಸಾಲ್ಟ್. ಕಲಬುರಗಿಯಲ್ಲಿ ಬಸಾಲ್ಟ್, ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣಕಲ್ಲು. ಅಲ್ಲಿನ ದೊಡ್ಡ ತಕರಾರು ಗಡಸುತನ. ಯಾದಗಿರಿ ಜಿಲ್ಲೆಯ ಬಹುಪಾಲು ಗ್ರಾನೈಟ್ ಮತ್ತು ನೈಸ್ ಬಂಡೆ. ಆ ಬಂಡೆಯ ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಮೇಲಿನ ಸಡಿಲ ಪದರದಲ್ಲಿರುವುದು ಈಚಿನ ಮಳೆಯ ನೀರು. ಕೆಳಗಿನ ಬಿರುಕುಗಳಲ್ಲಿರುವುದು ಬಹುಕಾಲ ಬಂಡೆಯ ಜೊತೆಗೇ ನಿಂತ ನೀರು. ನಿಂತಷ್ಟೂ ಕರಗಿಸಿಕೊಂಡಿರುತ್ತದೆ.

ಮೊದಲು ಜನ ಮೇಲಿನ ಪದರದ ನೀರನ್ನೇ ಕುಡಿಯುತ್ತಿದ್ದರು. ಕೆರೆಗಳಲ್ಲಿ ಹೂಳು ತುಂಬಿತು, ಪಂಪ್‌ಸೆಟ್ ಹೆಚ್ಚಿದವು. ಮಳೆ ನಾಲ್ಕು ದಿನ ಒಮ್ಮೆಲೇ ಸುರಿದು ವಾರಗಟ್ಟಲೆ ಕೈಕೊಟ್ಟರೆ ಎರೆ ಭೂಮಿಯ ಮೇಲೆ ನೀರು ಹರಿದು ಹಳ್ಳ ಸೇರುತ್ತದೆಯೇ ಹೊರತು ಇಂಗುವುದಿಲ್ಲ. ಮೇಲಿನ ಪದರ ಬತ್ತಿದಂತೆ ಬೋರು ಕೆಳಕ್ಕೆ ಹೋಯಿತು, ಬೋರಿನ ಜೊತೆ ನಾವೂ ಹಳೆಯ ನೀರಿಗೆ ಹೋದೆವು. ಇದರ ಮೇಲೆ ಬಿಸಿಲು. 43 ಡಿಗ್ರಿಯಲ್ಲಿ ಹೊಲದಲ್ಲಿ ದುಡಿಯುವವರು ದಿನಕ್ಕೆ ಆರೇಳು ಲೀಟರ್ ನೀರು ಕುಡಿಯುತ್ತಾರೆ. ಉದಾಹರಣೆಗೆ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಎಂದಿಟ್ಟುಕೊಳ್ಳಿ. ಎರಡು ಲೀಟರ್ ಕುಡಿಯುವವರಿಗೆ ದಿನಕ್ಕೆ 6 ಮಿಲಿಗ್ರಾಂ, ಆರು ಲೀಟರ್ ಕುಡಿಯುವವರಿಗೆ 18. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಹಾರ, ನೀರು ಎಲ್ಲ ಸೇರಿ ದಿನಕ್ಕೆ 14 ಮಿಲಿಗ್ರಾಂ ಮುಟ್ಟಿದರೆ ಎಲುಬಿಗೆ ಅಪಾಯ ಸ್ಪಷ್ಟ, 6 ಮೀರಿದರೆ ಅಪಾಯದ ಸೂಚನೆ ಇದೆ. ಅದೇ ನೀರು, ಅದೇ ಊರು, ಆದರೆ ಕೂಲಿ ಮಾಡುವವರ ಮೈಗೆ ಮೂರು ಪಟ್ಟು. ಭಾರತೀಯ ಮಾನಕ ಫ್ಲೋರೈಡಿಗೆ 1 ಮಿಲಿಗ್ರಾಂ ಎಂದು ಬರೆದು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ. ನಮ್ಮ ಬಿಸಿಲಿನಲ್ಲಿ 1ನ್ನೇ ಗಡಿ ಎಂದು ಹಿಡಿಯುವುದು ವಾಸಿ.

ಹಾಗಾಗಿ 430 ಅಡಿಯಿಂದ 700 ಅಡಿಗೆ ಹೋಗುವುದು ಪರಿಹಾರವಲ್ಲ. ಅಲ್ಲಿರುವುದೂ ಅದೇ ಬಂಡೆ. ನೀರು ಸಿಗದೆ ದುಡ್ಡು ಹೋಗಬಹುದು, ಸಿಕ್ಕರೆ ಫ್ಲೋರೈಡ್ ಇನ್ನೂ ಹೆಚ್ಚಿರಬಹುದು.

ಈಗ ಪರೀಕ್ಷೆ. ಗ್ರಾಮ ಪಂಚಾಯಿತಿಗಳಿಗೆ ಕ್ಷೇತ್ರ ಪರೀಕ್ಷಾ ಕಿಟ್ ಕೊಟ್ಟಿರುತ್ತಾರೆ, ಹಳ್ಳಿಯ ಮಹಿಳೆಯರಿಗೆ ಅದರ ತರಬೇತಿಯೂ ಆಗಿರುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಕಿಟ್‌ನಲ್ಲಿ ದ್ರಾವಣದ ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಇದು ಇದೆಯೋ ಇಲ್ಲವೋ ತಿಳಿಯಲು ಸಾಕು. ಅವಧಿ ಮುಗಿದ ದ್ರಾವಣ ಸುಳ್ಳು ಬಣ್ಣ ತೋರಿಸುತ್ತದೆ, ಬಾಟಲಿಯ ಮೇಲಿನ ತಾರೀಖು ನೋಡಿ. ಖಚಿತ ಅಂಕಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ.

ಮಾದರಿ ತೆಗೆಯುವುದರಲ್ಲೇ ಅರ್ಧ ವರದಿ ಕೆಡುತ್ತದೆ. ಮೇಲಿನ ಸಿಂಟೆಕ್ಸ್ ಟ್ಯಾಂಕಿನಿಂದ ಹಿಡಿಯಬೇಡಿ, ಬೋರಿನ ಬಾಯಿಯಿಂದಲೇ ಹಿಡಿಯಿರಿ. ಪಂಪು ಹತ್ತು ಹದಿನೈದು ನಿಮಿಷ ಓಡಿದ ಮೇಲೆ, ಪೈಪಿನಲ್ಲಿ ನಿಂತ ನೀರು ಹೋದ ನಂತರ. ಒಂದು ಲೀಟರಿನ ಹೊಸ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ, ಫ್ಲೋರೈಡಿಗೆ ಗಾಜು ಬೇಡ. ಸಾಬೂನು ಹಾಕದೆ ಅದೇ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲಿ, ಬಾಯಿತನಕ ತುಂಬಿ ಮುಚ್ಚಿ. ಬೋರಿನ ಆಳ, ತಾರೀಖು, ಸಮಯ ಬರೆದು ಅಂಟಿಸಿ. ಕ್ರಿಮಿ ಪರೀಕ್ಷೆಗೆ ಪ್ರಯೋಗಾಲಯ ಕೊಡುವ ಶುದ್ಧೀಕರಿಸಿದ ಬಾಟಲಿಯೇ ಬೇಕು, ತಣ್ಣಗಿಟ್ಟು ಅದೇ ದಿನ ತಲುಪಿಸಬೇಕು. ಹಳೆಯ ಬಾವಿಯ ನೀರನ್ನೂ ಬೇರೆ ಬಾಟಲಿಯಲ್ಲಿ ಕಳಿಸಿ. ಪಕ್ಕದ ಮನೆಯ ಬೋರಿನ ವರದಿ ನಿಮ್ಮದಕ್ಕೆ ಆಗುವುದಿಲ್ಲ, ನೂರು ಅಡಿ ದೂರದಲ್ಲಿ ಬೇರೆ ಬಿರುಕು, ಬೇರೆ ನೀರು. ಮೇ ಕೊನೆಗೆ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಇನ್ನೊಮ್ಮೆ ಮಾಡಿಸಿದರೆ ಏರಿಳಿತ ಗೊತ್ತಾಗುತ್ತದೆ.

ಏನೇನು ಪರೀಕ್ಷಿಸಬೇಕು ಎಂದು ಬರೆದೇ ಕೊಡಿ: ಪಿಎಚ್, ಟಿಡಿಎಸ್, ಗಡಸುತನ, ಕ್ಯಾಲ್ಸಿಯಂ, ಕ್ಷಾರೀಯತೆ, ಫ್ಲೋರೈಡ್, ನೈಟ್ರೇಟ್. ನೀವು ಸುರಪುರ ತಾಲ್ಲೂಕಿನವರಾದ್ದರಿಂದ ಆರ್ಸೆನಿಕ್ ಕೂಡ. ಇದನ್ನು ಬಿಡಬೇಡಿ. ನಿಮ್ಮ ತಾಲ್ಲೂಕಿನ ಮಂಗಳೂರು ಎಂಬ ಊರಿನ ಸುತ್ತ ಹಳೆಯ ಚಿನ್ನದ ಗಣಿಗಾರಿಕೆಯ ಕಲ್ಲಿನ ಪಟ್ಟಿ ಇದೆ. ಚಿನ್ನ ಇರುವ ಇಂಥ ಕಲ್ಲಿನಲ್ಲಿ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ. ಅಲ್ಲಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ಆದ ಹಾನಿ, ಕ್ಯಾನ್ಸರ್ ಪ್ರಕರಣಗಳನ್ನು ಸಂಶೋಧಕರು ದಾಖಲಿಸಿದ್ದಾರೆ, 2013ರಲ್ಲಿ ಅದು ಪ್ರಕಟವಾಗಿದೆ. ಎಲ್ಲ ಊರಿಗೂ ಇದು ಹಬ್ಬಿದೆ ಎಂದಲ್ಲ, ಕಲ್ಲಿನ ಪಟ್ಟಿ ಹಾದುಹೋದಲ್ಲಿ ಮಾತ್ರ. ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಬಣ್ಣ-ರುಚಿ-ವಾಸನೆ ಯಾವುದೂ ಇಲ್ಲ. ಇದರ ಬಾಟಲಿಗೆ ಪ್ರಯೋಗಾಲಯದವರೇ ಆಮ್ಲ ಹಾಕಿ ಕೊಡಬೇಕು, ಸಾದಾ ಬಾಟಲಿಯಲ್ಲಿ ಒಯ್ದರೆ ಅಂಕಿ ಕಡಿಮೆ ಬರಬಹುದು. ಮನೆಯವರ ಅಂಗೈ, ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು-ಬಿಳಿ ಚುಕ್ಕೆಗಳಿದ್ದರೆ ವರದಿಗೆ ಕಾಯದೆ ಆ ನೀರು ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸಿ.

ಮಗಳ ಹಲ್ಲಿನ ವಿಚಾರ. ಫ್ಲೋರೈಡ್ ಕಲೆ ಹಲ್ಲಿಗೆ ಅಡ್ಡಲಾಗಿ, ಎಡಬಲ ಜೋಡಿ ಹಲ್ಲುಗಳಲ್ಲಿ ಒಂದೇ ಎತ್ತರಕ್ಕೆ ಬರುತ್ತದೆ. ಮೊದಲು ಸುಣ್ಣದಂಥ ಬಿಳುಪು, ಆಮೇಲೆ ಹಳದಿ, ಕಂದು. ಉಜ್ಜಿದರೆ ಹೋಗುವುದಿಲ್ಲ. ವಸಡಿನ ಅಂಚಿಗೆ, ಹಲ್ಲಿನ ಸಂದಿಗೆ ಅಂಟಿದ ಕಪ್ಪು ಕಲೆಯಾದರೆ ಅದು ಬೇರೆ. ಇದು ಹಲ್ಲು ಮೂಡುವ ಮೊದಲು, ವಸಡಿನೊಳಗೆ ಅದರ ಹೊರಪದರ ಕಟ್ಟುವಾಗ ಆಗುವ ಹಾನಿ. ಮುಂದಿನ ಶಾಶ್ವತ ಹಲ್ಲುಗಳ ಕಟ್ಟಡ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ, ಹಿಂದಿನವು ಏಳೆಂಟರವರೆಗೆ. ಮಗಳಿಗೆ ಇವತ್ತು ನೀರು ಬದಲಿಸಿದರೂ ಕಲೆ ಹೋಗದು. ದಂತವೈದ್ಯರು ಅದನ್ನು ಮರೆಮಾಡಬಲ್ಲರು, ಅವಸರವಿಲ್ಲ. ಅವಸರ ಇರುವುದು ಎರಡು ವರ್ಷದ ಮಗನಿಗೆ. ಅವನ ಮುಂದಿನ ಹಲ್ಲುಗಳು ಈಗ ಕಟ್ಟುತ್ತಿವೆ. ವರದಿ ಬರುವ ತನಕ ಅವನ ಕುಡಿಯುವ ನೀರು, ಗಂಜಿಯ ನೀರು, ಅನ್ನದ ನೀರು ಬೋರಿನದಾಗದಿರಲಿ.

ಅವ್ವನ ನೋವನ್ನು ನೀರಿನ ತಲೆಗೇ ಕಟ್ಟಬೇಡಿ. ಆ ವಯಸ್ಸಿನ ಮೊಣಕಾಲು ನೋವು ಹೆಚ್ಚಿನ ಸಲ ಸವೆತದ್ದು. ಮೂರು ಸರಳ ಪರೀಕ್ಷೆ ಮಾಡಿಸಿ: ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟಲು, ಗದ್ದವನ್ನು ಎದೆಗೆ ತಾಗಿಸಲು, ಎರಡೂ ಕೈ ಚಾಚಿ ಮಡಚಿ ತಲೆಯ ಹಿಂಭಾಗ ಮುಟ್ಟಲು ಆಗುತ್ತದೆಯೇ? ಕುತ್ತಿಗೆ, ಬೆನ್ನು, ಭುಜ ಮೂರೂ ಬಿಗಿದಿದ್ದರೆ ವೈದ್ಯರಿಗೆ ಫ್ಲೋರೋಸಿಸ್ (ಫ್ಲೋರೈಡಿನಿಂದ ಬರುವ ಕಾಯಿಲೆ) ಅನುಮಾನ ಎಂದು ಹೇಳಿ. ಮೂತ್ರದ ಫ್ಲೋರೈಡ್ ಪರೀಕ್ಷೆ ಮತ್ತು ಮುಂಗೈಯ ಎಕ್ಸ್‌ರೇಯಿಂದ ತಿಳಿಯುತ್ತದೆ, ಅಲ್ಲಿ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿರುತ್ತದೆ. 2008-09ರಿಂದ ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮವೇ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಊಟದಲ್ಲಿ ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ನೆಲ್ಲಿಕಾಯಿ ಹೆಚ್ಚಿಸಿ. ಹಾಲಿಲ್ಲದ ಕಡಕ್ ಚಹಾ, ಕರಿ ಉಪ್ಪು, ಅಡಿಕೆ-ಗುಟ್ಕಾಗಳಲ್ಲೂ ಫ್ಲೋರೈಡ್ ಇದೆ, ಅವನ್ನು ಬಿಡಿಸಿ. ಹುಣಸೆಹಣ್ಣು ತಿಂದರೆ ಮೂತ್ರದಲ್ಲಿ ಫ್ಲೋರೈಡ್ ಹೊರಹೋಗುವುದು ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸಾರಿನಲ್ಲಿ ಹೇಗೂ ಹಾಕುತ್ತೀರಿ, ಆದರೆ ಅದನ್ನು ನಂಬಿ ಕೆಟ್ಟ ನೀರು ಕುಡಿಯುವಂತಿಲ್ಲ.

ವರದಿಯಲ್ಲಿ ಫ್ಲೋರೈಡ್ ಹೆಚ್ಚೆಂದು ಬಂದರೆ ಮನೆಯ ನೀರನ್ನು ಎರಡು ಭಾಗ ಮಾಡಿ. ಸ್ನಾನ, ಬಟ್ಟೆ, ಪಾತ್ರೆಗೆ ಬೋರಿನದು ನಡೆಯುತ್ತದೆ, ಫ್ಲೋರೈಡ್ ಚರ್ಮದ ಮೂಲಕ ಒಳಹೋಗುವುದಿಲ್ಲ. ಬಾಯಿಗೆ ಹೋಗುವ ನೀರು ಮಾತ್ರ ಬೇರೆಯಾಗಬೇಕು, ಅಡುಗೆಯದೂ ಸೇರಿ. ಇದನ್ನು ಬಹಳ ಮನೆಗಳು ಮರೆಯುತ್ತವೆ. ಕುಡಿಯಲು ಕ್ಯಾನ್ ನೀರು ತಂದು, ಬೇಳೆ ಬೇಯಿಸಲು, ರೊಟ್ಟಿ ಹಿಟ್ಟಿಗೆ ಎಸರು ಇಡಲು ಬೋರಿನ ನೀರು. ಬೇಳೆ ಆ ನೀರನ್ನೆಲ್ಲ ಹೀರಿಕೊಳ್ಳುತ್ತದೆ, ಎಸರು ಕುದ್ದು ಗಟ್ಟಿಯಾಗುತ್ತದೆ. ತಲೆಗೆ ದಿನಕ್ಕೆ ಐದು ಲೀಟರ್ ಹಿಡಿದರೆ ಆರು ಮಂದಿಗೆ 30 ಲೀಟರ್ ಬೇಕು.

ಆ 30 ಲೀಟರಿಗೆ ಮೊದಲ ಆಯ್ಕೆ ನದಿ ನೀರು. ನಾರಾಯಣಪುರದ ಬಸವಸಾಗರದ ಕೃಷ್ಣಾ ನೀರಿನಲ್ಲಿ ಫ್ಲೋರೈಡ್ ತೊಂದರೆ ಇಲ್ಲ. ಬಹುಗ್ರಾಮ ಯೋಜನೆಯ ನಲ್ಲಿ ನಿಮ್ಮ ಊರಿಗೆ ಬಂದಿದ್ದರೆ ಅದು ವಾರಕ್ಕೆರಡು ಸಲ ಬಂದರೂ ಕುಡಿಯಲು ಹಿಡಿದಿಡಿ. ಅಪಾಯ ಬೇರೆ ಕಡೆಯದು: ಒಡೆದ ಪೈಪಿಗೆ ಚರಂಡಿ ನೀರು ನುಗ್ಗಿ ವಾಂತಿಭೇದಿ. ಅದಕ್ಕೆ ಕಾಯಿಸುವುದೇ ಮದ್ದು. ಜಲಜೀವನ ಮಿಷನ್ ನಲ್ಲಿ ಹಾಕಿದ ಮಾತ್ರಕ್ಕೆ ನದಿ ನೀರು ಎಂದುಕೊಳ್ಳಬೇಡಿ. ಕೆಲವು ಊರುಗಳಲ್ಲಿ ಹೊಸ ನಲ್ಲಿಗೂ ಊರಿನ ಬೋರೇ ಜೋಡಿಸಿರುತ್ತದೆ. ನೀರು ಎಲ್ಲಿಂದ ಎಂದು ನೀರುಗಂಟಿಯನ್ನು ಕೇಳಿ.

ಎರಡನೆಯದು ಮಳೆ ನೀರು. ಇದನ್ನು ನಮ್ಮ ಕಡೆ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ನನ್ನ ಮಟ್ಟಿಗೆ ಇದು ಅತ್ಯಂತ ಭರವಸೆಯ ದಾರಿ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 50 ಚದರ ಮೀಟರ್ ಆರ್‌ಸಿಸಿ ಮಾಳಿಗೆ, ವರ್ಷಕ್ಕೆ ಬರೀ 600 ಮಿಲಿಮೀಟರ್ ಮಳೆ, ಅದರಲ್ಲಿ ಐದನೇ ಒಂದು ಪಾಲು ನಷ್ಟ ಎಂದರೂ 24,000 ಲೀಟರ್ ಸಿಗುತ್ತದೆ. ನವೆಂಬರ್ ನಡುವಿನಿಂದ ಮೇ ಕೊನೆಯವರೆಗೆ ಸುಮಾರು 200 ದಿನಕ್ಕೆ ನಿಮಗೆ ಬೇಕಾದದ್ದು 6,000 ಲೀಟರ್. 7,000 ಲೀಟರಿನ ಟ್ಯಾಂಕ್ ಸಾಕು. ಮೊದಲ ಮಳೆಯ 50ರಿಂದ 100 ಲೀಟರ್ ಹೊರಕ್ಕೆ ಬಿಡಲು ಪೈಪಿನಲ್ಲಿ ಒಂದು ಕವಲು, ಆಮೇಲೆ ಜಲ್ಲಿ-ಮರಳಿನ ಸೋಸುಡ್ರಮ್ಮು, ಬೆಳಕು ಬೀಳದ ಮುಚ್ಚಿದ ಟ್ಯಾಂಕ್, ಗಾಳಿಕೊಳವೆಗೆ ಸೊಳ್ಳೆ ಜಾಲರಿ. ಮಾಳಿಗೆ ಮೇಲೆ ತೊಗರಿ ಕಟ್ಟಿಗೆ, ಔಷಧಿ ಹೊಡೆಯುವ ಪಂಪು, ಖಾಲಿ ಕೀಟನಾಶಕ ಡಬ್ಬಿ ಇಡುವ ರೂಢಿ ನಿಲ್ಲಬೇಕು. ಮಣ್ಣಿನ ಮಾಳಿಗೆ ಇದಕ್ಕೆ ಆಗದು, ತಗಡು ಆಗುತ್ತದೆ. 1,000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕಲಸಿ ತಿಳಿ ಸುರಿದು, ಒಂದು ತಾಸು ಬಿಟ್ಟು ಬಳಸಿ. ಗಾಳಿಗೆ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ.

ಆರ್‌ಓ ಮೂರನೆಯದು. ಮಷೀನಿನೊಳಗೆ ನೀರು ಸೋಸುವ ಪೊರೆ (ಮೆಂಬ್ರೇನ್) ಸರಿಯಿದ್ದರೆ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ, ಸಂಶಯವಿಲ್ಲ. ಕೊಳ್ಳುವುದಾದರೆ ಮೊದಲು ವರದಿ, ಆಮೇಲೆ ಮಷೀನ್. ಅದರೊಳಗೆ ರುಚಿಗೆಂದು ಸ್ವಲ್ಪ ಹಸಿ ನೀರು ಬೆರೆಸುವ 'ಟಿಡಿಎಸ್ ಕಂಟ್ರೋಲರ್' ಎಂಬ ತಿರುಪು ಇರುತ್ತದೆ. ಅದು ತೆರೆದಿದ್ದರೆ ತೆಗೆದ ಫ್ಲೋರೈಡ್ ಮತ್ತೆ ಲೋಟಕ್ಕೆ ಬರುತ್ತದೆ, ಪೂರ್ತಿ ಮುಚ್ಚಿಸಿ. ಟಿಡಿಎಸ್ ಮೀಟರ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಒಳಗೆ 640 ಹೋಗಿ ಹೊರಗೆ 60ರ ಆಸುಪಾಸು ಬಂದರೆ ಪೊರೆ ಸರಿ. 150, 200 ಆದರೆ ಪೊರೆ ಹೋಗಿದೆ. ಊರಿನ ಘಟಕದಲ್ಲೂ ಇದೇ ಅಳತೆ ಹಚ್ಚಿ, ಬಂದ್ ಇದ್ದ ದಿನಕ್ಕಿಂತ ಪೊರೆ ಹರಿದೂ ನಡೆಯುವ ದಿನವೇ ಅಪಾಯ. ಒಂದು ಲೀಟರಿಗೆ ಎರಡು ಮೂರು ಲೀಟರ್ ತ್ಯಾಜ್ಯ ನೀರು ಹೊರಬರುತ್ತದೆ. ಅದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿ. ನೆಲ ಒರೆಸಲು, ಪಾಯಖಾನೆಗೆ ಬಳಸಿ. ದನಕ್ಕೆ ಕೊಡಬೇಡಿ, ಬೋರಿನ ಪಕ್ಕದ ಇಂಗುಗುಂಡಿಗೆ ಬಿಡಲೇಬೇಡಿ. ಆರ್ಸೆನಿಕ್ ಇದ್ದರೆ ಮನೆಯ ಆರ್‌ಓವನ್ನು ಪೂರ್ತಿ ನಂಬುವಂತಿಲ್ಲ, ಅದರ ಒಂದು ರೂಪ ಪೊರೆ ದಾಟುತ್ತದೆ. ಆಗ ನೀರಿನ ಮೂಲವನ್ನೇ ಬಿಡಬೇಕು.

ಪಟಕ-ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನ ನಾಗಪುರದ ನೀರಿ ಸಂಸ್ಥೆಯದು. 40 ಲೀಟರ್ ಬಕೆಟಿಗೆ ಹತ್ತು ಗ್ರಾಂ ಮೇಲೆ ಪಟಕ ಬೇಕಾಗಬಹುದು, ರಾಡಿ ನೀರಿಗೆ ಹಾಕುವ ಚಿಟಿಕೆ ಸಾಲದು. ಪ್ರಮಾಣ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ. ಫ್ಲೋರೈಡ್ ಹಿಡಿದಿಡುವ ಹರಳುಗಳಿರುವ ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಒಳ್ಳೆಯದೇ, ಆದರೆ ಕ್ಷಾರ ಹೆಚ್ಚಿರುವ ನೀರಿನಲ್ಲಿ ಬೇಗ ದಣಿಯುತ್ತದೆ. ದಣಿದದ್ದು ರುಚಿಯಲ್ಲಿ ಗೊತ್ತಾಗದು, ತಿಂಗಳಿಗೊಮ್ಮೆ ಪರೀಕ್ಷಿಸಿ ಪುನಶ್ಚೇತನ ಮಾಡಿಕೊಡುವವರು ಹತ್ತಿರ ಇದ್ದರೆ ಮಾತ್ರ ಕೊಳ್ಳಿ.

ಹಳೆಯ ಬಾವಿಯನ್ನು ಮುಚ್ಚಬೇಡಿ. ವರದಿಯಲ್ಲಿ ಅದರ ಫ್ಲೋರೈಡ್ 1ರ ಒಳಗೆ, ನೈಟ್ರೇಟ್ 45ರ ಒಳಗೆ, ಆರ್ಸೆನಿಕ್ 0.01ರ ಒಳಗೆ ಇದ್ದರೆ ಮಳೆಗಾಲದಲ್ಲಿ ಅದನ್ನೇ ಕಾಯಿಸಿ ಕುಡಿಯಬಹುದು. ಬೇಳೆ ಬೇಯದಿದ್ದರೆ ರಾತ್ರಿ ನೆನೆಹಾಕಿ, ಕುಕ್ಕರಿನಲ್ಲಿ ಇನ್ನೆರಡು ಸೀಟಿ ಹಾಕಿಸಿ. ನೈಟ್ರೇಟ್ ಹೆಚ್ಚಿದ್ದರೆ ತಿಪ್ಪೆಯೋ ಪಾಯಖಾನೆ ಗುಂಡಿಯೋ ಹತ್ತಿರ ಇರಬಹುದು. ಆ ನೀರನ್ನು ಹಸುಗೂಸಿನ ಬಾಯಿಗೆ ಹಾಕುವಂತಿಲ್ಲ, ಕಾಯಿಸಿದರೂ.

ಎಮ್ಮೆಗಳಿಗೆ ಲೀಟರಿಗೆ 2 ಮಿಲಿಗ್ರಾಂವರೆಗೆ ಸುರಕ್ಷಿತ ಎಂದು ಹಿಡಿಯುತ್ತಾರೆ. ಅದಕ್ಕಿಂತ ಹೆಚ್ಚಿದ್ದರೆ ಹಲ್ಲು ಸವೆದು ಮೇವು ಬಿಡುತ್ತವೆ, ಕುಂಟುತ್ತವೆ. ಕೆರೆಯಲ್ಲಿ ನೀರಿರುವಷ್ಟು ದಿನ ಅಲ್ಲೇ ಕುಡಿಸಿ, ಬೇಸಿಗೆಯಲ್ಲಿ ಬಾವಿ ನೀರು ಸಿಕ್ಕಷ್ಟು ಬೋರಿನದಕ್ಕೆ ಬೆರೆಸಿ ತೊಟ್ಟಿಗೆ ಹಾಕಿ. ಹಾಲಿಗೆ ಫ್ಲೋರೈಡ್ ಇಳಿಯುವುದು ತೀರ ಕಡಿಮೆ, ಮಕ್ಕಳಿಗೆ ಮನೆಯ ಹಾಲು ನಿಲ್ಲಿಸಬೇಡಿ.

ವರದಿಯ ಅಂಕಿಗಳು ಬಂದ ಮೇಲೆ ಕ್ಷಾರೀಯತೆ, ಕ್ಯಾಲ್ಸಿಯಂ ಸಮೇತ ಬರೆದು ಕಳಿಸಿ.